ನಾಗರತ್ನಳ ಪಾಲಿನ ಬಾಟಲಿ

ಆಲೂರು
ಭಾನುವಾರ, 24 ಮಾರ್ಚ್ 2002

ನನ್ನ ನಾಗರತ್ನಾ,

ಹೇಗಿದ್ದೀಯ? ಯುಗಾದಿಗೊಂದು, ದೀಪಾವಳಿಗೊಂದು ಕಾಗದ ಹಾಕುವವಳು ಹಬ್ಬಕ್ಕೆ ಮುಂಚೆಯೇ ಬರೆದಿದ್ದಾಳೆಂದರೆ ಏನೋ ಕೆಲಸವಿದೆ ಎಂದು ನಿನಗೆ ಗೊತ್ತಾಗಿರುತ್ತದೆ. ಇದೆ. ಬರುವ ಗುರುವಾರ ನಸೀರಾಳ ಮಗ ಫಯಾಜ್ ಕಾಫಿ ಲೋಡಿನ ಜೊತೆ ಮೈಸೂರಿಗೆ ಬರುತ್ತಾನೆ. ನಿಮ್ಮ ಮನೆ ಹುಡುಕಿಕೊಂಡು ಬಂದು ಎರಡು ಬಾಟಲಿ ವೈನು ಕೊಡುತ್ತಾನೆ. ಎರಡೂ ಪಂಕಜಾಕ್ಷಿ ಕಳಿಸಿದ್ದು. ಅದರಲ್ಲಿ ಹಸಿರು ಬಾಟಲಿಯನ್ನು ಮಾತ್ರ ತೆರೆಯಬೇಡ. ದಾರಿಯಲ್ಲಿ ಕುಲುಕಿ ಕದಡಿರುತ್ತದೆ, ಒಂದಷ್ಟು ತಿಂಗಳು ಹಾಗೇ ಇಡು.

ಈ ಕೊನೆಯ ಸಾಲು ಸುಳ್ಳು. ಹೊಡೆದು ಹಾಕಲು ಪೆನ್ನು ಎತ್ತಿದೆ, ಆಮೇಲೆ ಇರಲಿ ಅನ್ನಿಸಿತು. ಈಚೆಗೆ ನನ್ನಿಂದ ಸುಳ್ಳು ಎಷ್ಟು ಸಲೀಸಾಗಿ ಹೊರಡುತ್ತಿದೆ ಎಂದು ನೀನೂ ನೋಡು.

ಪಂಕಜಾಕ್ಷಿಯ ಹೆಸರು ಓದಿ ಕಾಗದ ಮಡಿಸಿಡಬೇಡ. ಅವಳ ಯಜಮಾನರು ಶಾಂತಮಲ್ಲಪ್ಪನವರು ತೀರಿಹೋದಾಗಿನಿಂದ ನಿಮ್ಮಿಬ್ಬರಿಗೂ ಮಾತಿಲ್ಲ. ನಿನ್ನ ಕಾಗದಗಳಲ್ಲಿ ನೀನು ಅವಳನ್ನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಅದರಿಂದಲೇ ಅವಳ ಕಾಯಿಲೆಯ ಸುದ್ದಿಯನ್ನೂ ನಿನಗೆ ಬರೆದಿರಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಮೂಗಿನ ಹಿಂದೆ, ಗಂಟಲಿಗಿಂತ ಮೇಲೆ ಒಂದು ಗಡ್ಡೆ ಸಿಕ್ಕಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ರೇಡಿಯೇಷನ್ ಕರೆಂಟು ಕೊಡಿಸಿದರು. ಗಡ್ಡೆ ಕರಗಿದೆಯಂತೆ. ಅದರ ಜೊತೆಗೆ ಅವಳ ಮೂಗು, ನಾಲಿಗೆ ಎರಡೂ ಹೋದವು. ವಾಸನೆ ಇಲ್ಲ, ರುಚಿ ಇಲ್ಲ. ಈಗ ಎಸ್ಟೇಟುಗಳಲ್ಲೆಲ್ಲ ಕಾಫಿ ಹೂ ಬಿಟ್ಟಿದೆಯಲ್ಲ, ಅವಳೂರು ಮಗ್ಗೆಯಲ್ಲಿ ಬಸ್ಸಿಳಿದರೆ ತಲೆ ಸುತ್ತುವಷ್ಟು ಪರಿಮಳ. ಅವಳು ವರಾಂಡದಲ್ಲಿ ಕೂತು, "ಬೆಳ್ಳಗೆ ಕಾಣ್ತೈತೆ ಕಣೇ, ಅಷ್ಟೇ" ಅಂದಳು.

ಹೋದ ಭಾನುವಾರ ನನಗೂ ನಸೀರಾಳಿಗೂ ಕರೆ ಕಳಿಸಿದ್ದಳು. ಕೊಯ್ಲು ಮುಗಿದ ಮೇಲೆ ವರ್ಷಕ್ಕೊಂದು ದಿನ ಅವಳ ಕಾಫಿ ಸ್ಟೋರಿನ ಹಿಂದಿನ ಕೋಣೆಯಲ್ಲಿ ಕೂತು ಹೊಸ ವೈನು ಹಳೆಯ ವೈನು ಎರಡನ್ನೂ ರುಚಿ ನೋಡುತ್ತಿದ್ದೆವಲ್ಲ, ಕಾಯಿಲೆಯ ದೆಸೆಯಿಂದ ಈ ಸಲ ಇರಲಾರದು ಎಂದುಕೊಂಡಿದ್ದೆ. "ನಂಗೆ ರುಚಿ ಹೋದ್ರೆ ನಿಮಗೇನಾಗೈತೆ ದಾಡಿ, ಬನ್ನಿ" ಎಂದು ಹೇಳಿ ಕಳಿಸಿದ್ದಳು.

ನಿನಗೆ ಆ ದಿನಗಳು ನೆನಪಿರಬೇಕು. ಮಂಗಳೂರಿನ ಬಾಯಮ್ಮ ಹೇಳಿಕೊಟ್ಟಂತೆ ಕಪ್ಪು ದ್ರಾಕ್ಷಿ ಹಿಸುಕಿ, ಸಕ್ಕರೆ, ಗೋಧಿ, ಲವಂಗ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆವು. ಮನೆಯವರು ಕೇಳಿದರೆ ಟಾನಿಕ್ಕು ಅನ್ನುತ್ತಿದ್ದೆವು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ವೈನು ಕುಡಿಯುವುದು ತಪ್ಪೆಂದು ಗೊತ್ತಿದ್ದೇ ಕುಡಿದವಳು ನಾನು. ಮನೆಗೆ ಹೋಗಿ ಸ್ನಾನ ಮಾಡಿ ಪೂಜೆಗೆ ಕೂತಾಗ ಕೈ ಸ್ವಲ್ಪ ಹಿಂಜರಿಯುತ್ತಿತ್ತು, ಅಷ್ಟೇ. ಲೋಟ ಬೆಳಕಿಗೆ ಹಿಡಿದು ಬಣ್ಣ ನೋಡುವವಳು ಪಂಕಜ. ಕುಡಿಯದಿದ್ದರೂ ಪ್ರತಿಯೊಂದನ್ನೂ ಮೂಸಿ, ತಂದ ಸಮೋಸವನ್ನೆಲ್ಲ ತಾನೇ ಖಾಲಿ ಮಾಡುವವಳು ನಸೀರಾ. ಎಲ್ಲಕ್ಕೂ ಚೆನ್ನಾಗಿದೆ ಅನ್ನುವವಳು ನಾನು. ನೀನೊಬ್ಬಳು ಮುಖ ಕಿವುಚಿ, "ಇದು ವೈನಲ್ಲ ಪಂಕಜ, ಕೆಮ್ಮಿನ ಔಷಧಿ" ಅಂದುಬಿಡುತ್ತಿದ್ದೆ. ಅವಳು ಎರಡು ದಿನ ಮುನಿಸಿಕೊಂಡು, ಮುಂದಿನ ವರ್ಷ ಸಕ್ಕರೆ ಕಮ್ಮಿ ಮಾಡುತ್ತಿದ್ದಳು.

ಹೋದ ಭಾನುವಾರ ಅವಳು ಮೊದಲು ತೆಗೆದದ್ದು ಹೊಸದನ್ನು. ಹೋದ ವರ್ಷ ಗಡ್ಡೆಯ ಸುಳಿವು ಸಿಗುವುದಕ್ಕೆ ಮುಂಚೆ ಮಾಡಿದ್ದು. ಆಗಲೇ ಮೂಗು ಕಟ್ಟಿದಂತಿತ್ತಂತೆ, ನೆಗಡಿ ಎಂದುಕೊಂಡು ಹದವನ್ನು ಅಂದಾಜಿನಲ್ಲೇ ಹಿಡಿದಳಂತೆ. "ಏನಾಗೈತೋ ನಂಗೇ ಗೊತ್ತಿಲ್ಲ. ಸರಿಯಾಗಿ ನೋಡಿ ಹೇಳು" ಅಂದಳು. ನಾಗೂ, ಎಂಥ ವೈನು ಗೊತ್ತಾ! ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಬಾಯಿಗೆ ಬಿದ್ದ ತಕ್ಷಣ ಎಳೆ ನೆಲ್ಲಿಕಾಯಿ ಕಚ್ಚಿದ ಹಾಗೆ ಒಗರು ಹಿಡಿಯುತ್ತದೆ, ಇನ್ನೇನು ಬೇಡ ಅನ್ನುವಷ್ಟರಲ್ಲಿ ಹಣ್ಣು ಹಣ್ಣಾಗಿ ಸಿಹಿ ಬಿಡುತ್ತದೆ, ನುಂಗಿದ ಮೇಲೆ ಲವಂಗ ಮೆಲ್ಲಗೆ ಬಂದು ಹೋಗುತ್ತದೆ. ಅವಳು ಇಷ್ಟು ವರ್ಷ ಮಾಡಿದ್ದರಲ್ಲೆಲ್ಲ ಇದೇ ಮೇಲು. ನಾನು ಹಾಗೇ ಹೇಳಿದೆ. ಲೋಟ ಮುಗಿಸಿ ಇನ್ನೊಂದಕ್ಕೆ ಒಡ್ಡಿದೆ. ನಸೀರಾ ಹಳೆಯ ಕಥೆ ತೆಗೆದಳು, ಭರಣಿ ಉಕ್ಕಿ ಅವಳ ಹೊಸ ಸೀರೆ ಕೆಂಪಾದದ್ದು, ಮನೆಯಲ್ಲಿ ತನ್ನ ಯಜಮಾನರು ಇಸ್ಹಾಕ್ ಸಾಹೇಬರಿಗೆ ಬೀಟ್‌ರೂಟ್ ಕಲೆ ಅಂದದ್ದು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗು ನಿಂತ ಮೇಲೆ ನೋಡುತ್ತೇನೆ, ಪಂಕಜ ತನ್ನ ಲೋಟವನ್ನು ಮುಟ್ಟಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಉಪವಾಸವಿರುವವಳನ್ನು ಎದುರಿಗೆ ಕೂರಿಸಿಕೊಂಡು ಉಂಡ ಹಾಗಾಯಿತು ನನಗೆ. ಆಮೇಲಿನದೆಲ್ಲ ಅಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ.

ಎದ್ದು ಹೋಗಿ ಹಸಿರು ಬಾಟಲಿ ತಂದಳು. ತೊಂಬತ್ತೊಂದರದ್ದು. ನೀನೂ ಸೇರಿ ಹಿಸುಕಿದ್ದ ದ್ರಾಕ್ಷಿ ಅದು, ಉಳಿದದ್ದೇ ಎರಡು ಬಾಟಲಿ. ಬಾಯಿಯ ಅರಗು ಒಡೆದು, ಲೋಟಕ್ಕೆ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. "ನೋಡೇ, ಹಳೇ ಇಟ್ಟಿಗೆ ಬಣ್ಣ ಬಂದೈತೆ. ಹಿಂಗೇ ಬರ್ಬೇಕು ಅಂತ ಬಾಯಮ್ಮ ಹೇಳಿದ್ರು" ಎಂದು ಕಾಯಿಲೆಯಾದ ಮೇಲೆ ಮೊದಲ ಸಲ ಮುಖ ಅರಳಿಸಿದಳು. ಬಣ್ಣ ನಿಜವಾಗಿಯೂ ಚೆನ್ನಾಗಿತ್ತು. ಅಷ್ಟರಲ್ಲಿ ನಸೀರಾ ಬಾಟಲಿ ಮೂಸಿ ನನ್ನ ಕಡೆ ತಿರುಗಿದಳು. ನನಗೂ ಬಡಿಯಿತು. ವಿನಿಗರ್, ನಾಗೂ. ಉಪ್ಪಿನಕಾಯಿಗೆ ಹಾಕುವಂಥ ಅಪ್ಪಟ ವಿನಿಗರ್. ಯಾವ ವರ್ಷ ಬಿರಡೆ ಸಡಿಲವಾಯಿತೋ, ಯಾವಾಗ ಹುಳಿಯಿತೋ ದೇವರಿಗೇ ಗೊತ್ತು. ಕೋಣೆಯಲ್ಲೆಲ್ಲ ಆ ಘಾಟು, ಅವಳಿಗೆ ಮಾತ್ರ ಗೊತ್ತಿಲ್ಲ.

ಅವಳೂ ತುಟಿಗೆ ಹಚ್ಚಿಕೊಂಡಳು. "ಸುಡುತ್ತೆ. ನಂಗೆ ನೀರೂ ಸುಡುತ್ತೆ ಬಿಡು" ಎಂದು ಕೆಳಗಿಟ್ಟು ನಸೀರಾಳನ್ನು ಕೇಳಿದಳು, ವಾಸನೆ ಹೇಗಿದೆ ಎಂದು. ನಸೀರಾ ತಟ್ಟೆ ಜೋಡಿಸುತ್ತಾ, "ಕುಡಿಯೋರ್ನ ಕೇಳಮ್ಮ, ನನ್ನೇನು ಕೇಳ್ತೀಯ" ಅಂದಳು. ನನಗೆ ಆ ದಾರಿಯೂ ಇರಲಿಲ್ಲ. ಒಂದು ಗುಟುಕು ಕುಡಿದೆ. ಗಂಟಲಿನಿಂದ ಹೊಟ್ಟೆಯವರೆಗೆ ಗೀರಿಕೊಂಡು ಹೋಯಿತು. ಅವಳು ಕಾಯುತ್ತಿದ್ದಳು. ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹುಳಿತಿದೆ ಕಣೇ, ಅಷ್ಟೇ. "ಅಬ್ಬಾ" ಅಂದುಬಿಟ್ಟೆ. ಅಷ್ಟಕ್ಕೆ ನಿಲ್ಲಿಸಿದೆನಾ? ಒಣದ್ರಾಕ್ಷಿಯ ಸಿಹಿ ಅಂದೆ. ಹಳೆಯ ಬೀಟೆ ಪೆಟ್ಟಿಗೆ ತೆರೆದಾಗ ಬರುವ ವಾಸನೆ ಅಂದೆ. ಒಗರೆಲ್ಲ ಕರಗಿ ಬೆಣ್ಣೆಯ ಹಾಗೆ ಇಳಿಯುತ್ತದೆ ಅಂದೆ. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದು ಮಾತಿಗೂ ತಲೆದೂಗಿದಳು. ನನ್ನ ಮಾತಿನಲ್ಲೇ ಕುಡಿಯುತ್ತಿದ್ದಳು ಅವಳು. "ಇನ್ನೊಂಚೂರು ಹಾಕ್ಕೊ, ಇನ್ನೊಂದ್ಸಲ ಹೇಳು" ಅಂದಳು. ಎರಡನೇ ಲೋಟವನ್ನೂ ಕುಡಿದು ಇನ್ನೊಂದು ಸಲ ಹೇಳಿದೆ.

ಕರುಣೆಯಿಂದ ಹೇಳಿದೆ ಎಂದು ಮನೆಗೆ ಬರುವವರೆಗೂ ನನಗೆ ನಾನೇ ಹೇಳಿಕೊಂಡೆ. ಕರುಣೆ ಎಷ್ಟಿತ್ತೋ ಅಷ್ಟೇ ಹೆದರಿಕೆಯೂ ಇತ್ತು, ಅವಳ ಮುಖ ಬಾಡುವುದನ್ನು ನೋಡಬೇಕಾಗುತ್ತದಲ್ಲ ಎಂದು.

ನಾವು ಹೊರಡುವಾಗ ಉಳಿದ ಇನ್ನೊಂದು ಹಸಿರು ಬಾಟಲಿಯನ್ನು ಟವಲಿನಲ್ಲಿ ಸುತ್ತಿ ತಂದಳು. ಜೊತೆಗೆ ಹೊಸದೊಂದು. "ಅಷ್ಟು ಚೆನ್ನಾಗಿ ಬಂದೈತೆ ಅಂತೀಯ, ನಾನೊಬ್ಳೇ ಇಟ್ಕೊಂಡು ಏನ್ ಮಾಡ್ಲಿ? ನಾಗರತ್ನಂಗೆ ಕಳ್ಸಿ. ಅವಳೂ ಹಿಸುಕಿದ್ಲು. ಅದು ಅವಳ ಪಾಲು" ಅಂದಳು. ಆರು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನು ಬಾಟಲಿ ಎದೆಗವುಚಿಕೊಂಡು ನಿಂತೆ. ಅದರ ಬಿರುಕು ಬಿಟ್ಟ ಅರಗಿನಿಂದಲೂ ಅದೇ ಘಾಟು ಬರುತ್ತಿತ್ತು. ಆಗಲೂ ಹೇಳಲಿಲ್ಲ.

ಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿಯುವಾಗ ನಸೀರಾ, "ನೀ ಮಾಡಿದ್ದು ಸರಿಯಿಲ್ಲ ಮಾರಾಯ್ತಿ. ಅವಳ ಮೂಗು ಹೋಗೈತೆ, ತಲೆ ಸರಿಯಾಗೇ ಐತೆ. ಮಗು ಮಾಡ್ಬುಟ್ಟೆ ಅವಳನ್ನ" ಅಂದಳು. ನೀನೇನು ದೊಡ್ಡ ಸತ್ಯವಂತೆಯೋ, ತಟ್ಟೆ ಜೋಡಿಸುತ್ತಾ ಕೂತೆಯಲ್ಲ ಎಂದು ಬಾಯಿಗೆ ಬಂತು. ಆದರೆ ಅವಳು ಕಡೇಪಕ್ಷ ಸುಳ್ಳಾಡಿರಲಿಲ್ಲ.

ಬಾಟಲಿಗಳು ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಹಿಂದಿವೆ. ಹಸಿರು ಬಾಟಲಿ ದಾರಿಯಲ್ಲಿ ಒಡೆಯಿತು ಎಂದು ಫಯಾಜನ ಕೈಲಿ ಹೇಳಿಸಲೇ ಎಂದು ಯೋಚಿಸಿದೆ. ಪಾಪ, ಆ ಹುಡುಗನ ಮೇಲೆ ಹಾಕಲು ಮನಸ್ಸು ಬರಲಿಲ್ಲ. ಹುಳಿ ಚೆಲ್ಲಿ ಹೊಸದನ್ನು ತುಂಬಿ ಅರಗು ಹಚ್ಚಲೇ ಎಂದೂ ಯೋಚಿಸಿದೆ. ಚಾಕು ಕೂಡ ತೆಗೆದುಕೊಂಡಿದ್ದೆ. ನಮ್ಮ ಯಜಮಾನರು ನೀರಿಗೆಂದು ಒಳಗೆ ಬಂದರು, ನಿಲ್ಲಿಸಿದೆ. ಅಲ್ಲಿಗೆ ನನಗೇ ನನ್ನ ಮೇಲೆ ಹೇಸಿಗೆ ಬಂತು.

ನಿನಗೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀನು ಆ ಬಾಟಲಿ ತೆರೆದು ಒಂದು ಗುಟುಕು ಕುಡಿದೆ ಎಂದಿಟ್ಟುಕೊ. ಏನೆಂದುಕೊಳ್ಳುತ್ತೀಯ? ಅಂದು ಶಾಂತಮಲ್ಲಪ್ಪನವರ ಸಾವಿನ ಮನೆಯಲ್ಲಿ ನೆಂಟರೆಲ್ಲ ಕೂತಿರುವಾಗ, "ಮನೇಲಿ ನೀನೇ ಲೋಟ ಹಿಡಿದು ಕೂತ್ರೆ, ಕ್ಲಬ್ಬಲ್ಲಿ ಕುಡೀಬೇಡಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ತಿದ್ದೆ?" ಎಂದು ನೀನು ಕೇಳಿದ್ದಕ್ಕೆ ಆರು ವರ್ಷ ಕಾದು ವಿನಿಗರ್ ಕಳಿಸಿದ್ದಾಳೆ ಎಂದುಕೊಳ್ಳುತ್ತೀಯ. ನಾನಾದರೂ ಹಾಗೇ ಎಂದುಕೊಳ್ಳುತ್ತಿದ್ದೆ. ಅವಳು ಹಾಗೆ ಕಳಿಸಿಲ್ಲ. ತನ್ನ ಮನೆಯಲ್ಲಿರುವುದರಲ್ಲೆಲ್ಲ ಒಳ್ಳೆಯದು ಯಾವುದು ಎಂದು ನನ್ನನ್ನು ಕೇಳಿ, ನನ್ನನ್ನು ನಂಬಿ ಕಳಿಸಿದ್ದಾಳೆ. ಆ ಹುಳಿ ಅವಳದಲ್ಲ, ನನ್ನದು.

ಆದ್ದರಿಂದ ಎರಡು ಕೆಲಸ ಮಾಡು. ಹಸಿರು ಬಾಟಲಿಯನ್ನು ಚೆಲ್ಲಿಬಿಡು. ಅವಳಿಗೊಂದು ಕಾಗದ ಬರೆದು ತುಂಬಾ ಚೆನ್ನಾಗಿತ್ತು ಎಂದು ಹೇಳು. ಒಂದೇ ಸಾಲು ಸಾಕು. ನಿನ್ನಂಥವಳಿಗೆ ಸುಳ್ಳು ಬರೆ ಎನ್ನುತ್ತಿದ್ದೇನೆ, ಗೊತ್ತು. ಇನ್ನೇನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ ಮುಂದೆ ಮುಖ ಎತ್ತಲಾರದ,
ನೇತ್ರಾವತಿ

ತಾ.ಕ.: ಸೋಮವಾರ ಸಂಜೆ. ಬೆಳಿಗ್ಗೆ ಕಾಗದ ಹಾಕಲು ಪೋಸ್ಟಾಫೀಸಿನವರೆಗೆ ಹೋದವಳು ಡಬ್ಬಿಯ ಮುಂದೆ ನಿಂತು, ಹಾಕಲಾರದೆ, ಮಗ್ಗೆಯ ಬಸ್ಸು ಹತ್ತಿದೆ. ನನ್ನ ಸುಳ್ಳಿಗೆ ನಿನ್ನನ್ನೂ ಸೇರಿಸಿಕೊಳ್ಳುವುದು ಯಾವ ನ್ಯಾಯ? ಪಂಕಜಳಿಗೆ ಎಲ್ಲ ಹೇಳಿದೆ. ಅವಳು, "ಎರಡು ಲೋಟ ಕುಡಿದ್ಯಲ್ಲೇ, ಹೊಟ್ಟೆ ಉರೀಲಿಲ್ವಾ?" ಅಂದಳು. ಉರಿಯಿತು ಅಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಹೊಸ ವೈನನ್ನು ಲೋಟಕ್ಕೆ ಹಾಕಿ ತಂದು ನನ್ನ ಮುಂದಿಟ್ಟು ಕೇಳಿದಳು, "ಇದೂ ಹಂಗೇನಾ?"

ಇಲ್ಲ, ಇದು ನಿಜವಾಗಿ ಚೆನ್ನಾಗಿದೆ, ನೀನು ಮಾಡಿದ್ದರಲ್ಲೇ ಮೇಲು ಎಂದು ಲಿಂಗ ಮುಟ್ಟಿ ಹೇಳಿದೆ. ಅವಳು ನನ್ನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. "ನಿಜಾನೇ ಇರ್ಬೋದು. ಆದ್ರೆ ನಿನ್ ಮಾತು ನಂಗೀಗ ಈ ವೈನಿನಂಗೆ ಆಗೋಗೈತೆ ನೇತ್ರಾ, ಏನೂ ಗೊತ್ತಾಗಲ್ಲ" ಎಂದು ಲೋಟವನ್ನು ಪಕ್ಕಕ್ಕಿಟ್ಟಳು. ಇನ್ನು ಮುಂದೆ ಕೈಯ ಅಂದಾಜಿನಲ್ಲೇ ಮಾಡಬಹುದೋ, ಭರಣಿಯೆಲ್ಲ ಯಾರಿಗಾದರೂ ಕೊಟ್ಟುಬಿಡಬೇಕೋ ಎಂದು ಅವಳಿಗೆ ತಿಳಿಯಬೇಕಂತೆ. ಅದನ್ನು ತಿಳಿಯಲೆಂದೇ ನಮ್ಮನ್ನು ಕರೆದದ್ದಂತೆ.

ನಾನು ಎದ್ದು ಹೊರಟಾಗ ಹಿಂದಿನಿಂದ ಹೇಳಿದಳು, "ಬಾಟ್ಲಿ ಕಳಿಸ್ಬೇಡ. ನಾಗರತ್ನನ್ನೇ ಕರ್ಸು. ಗಂಡನ ಹೆಣ ಎತ್ತಿದ ದಿನವೇ ನನ್ನ ಮುಖಕ್ಕೆ ಹೇಳ್ದೋಳು, ಒಂದು ಲೋಟ ವೈನಿಗೆ ಸುಳ್ಳು ಹೇಳ್ತಾಳಾ?"

ಫಯಾಜ್ ಶುಕ್ರವಾರ ವಾಪಸು ಹೊರಡುತ್ತಾನೆ. ಬರುವಾಗ ಲಾರಿ ಖಾಲಿ, ಮುಂದಿನ ಸೀಟಿನಲ್ಲಿ ಆರಾಮಾಗಿ ಕೂತು ಬರಬಹುದು ಎಂದು ನಸೀರಾ ಹೇಳಿದ್ದಾಳೆ.