ಬಂಗುಡೆಗೆ ಐಸ್ ಹಾಕಿಸಲು ಗಾಡಿ ನಿಲ್ಲಿಸಿದ ತಾಂಡೇಲನ ಬಗ್ಗೆ

ಕಡಲಿಲ್ಲದ ಊರಿನಲ್ಲಿ ಕೂತು ಕಡಲಿನ ಬಾಗಿಲು ಕಾಯುವ ಮಾನ್ಯ ಅಧಿಕಾರಿಗಳೇ,

ನನ್ನ ತಮ್ಮ ಉಪೇಂದ್ರ ಇನ್ನು ಈ ಜನ್ಮದಲ್ಲಿ ದೋಣಿ ಹತ್ತದಂತೆ ಮಾಡಲು ಹೊರಟಿದ್ದೀರಿ. ಅವನ ಮೀನುಗಾರ ಗುರುತಿನ ಚೀಟಿಯನ್ನು ಶಾಶ್ವತವಾಗಿ ಏಕೆ ರದ್ದುಪಡಿಸಬಾರದು ಎಂದು ಕೇಳಿ ನಿಮ್ಮ ಮೀನುಗಾರಿಕೆ ಕಚೇರಿ ನೋಟಿಸು ಕಳಿಸಿದೆ. ಅವನು ಜೈಲಿನಲ್ಲಿರುವುದರಿಂದ ಅದು ಹೆಬ್ಬಗೋಡಿಯ ನನ್ನ ಮೀನಂಗಡಿಗೆ ಬಂತು. ಉತ್ತರ ಅವನೇ ಬರೆಯಬೇಕಿತ್ತು, ಆದರೆ ಅವನಿಗೆ ಸಿಟ್ಟು ಬರುವುದಿಲ್ಲ. ನನಗೆ ಬರುತ್ತದೆ. ಆದ್ದರಿಂದ ನಾನು ಬರೆಯುತ್ತಿದ್ದೇನೆ, ಅದೂ ಎಲ್ಲರೂ ಓದುವ ಹಾಗೆ. ಮುಚ್ಚಿದ ಲಕೋಟೆಗಳು ನಿಮ್ಮ ಕಚೇರಿಯಲ್ಲಿ ಯಾವ ಗತಿ ಕಾಣುತ್ತವೆಂದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು.

ಮೊದಲೇ ಹೇಳಿಬಿಡುತ್ತೇನೆ. ಅವನು ಓಡಿಸುತ್ತಿದ್ದ ಗಾಡಿಯಲ್ಲಿ ಮೇಲೆ ಮೀನು, ಕೆಳಗೆ ಗೋವಾದಿಂದ ಕದ್ದುಮುಚ್ಚಿ ತಂದ ಹೆಂಡದ ಬಾಟಲಿಗಳಿದ್ದವು. ಮೊದಲ ಸಲ ಅವನಿಗೆ ತಿಳಿದಿರಲಿಲ್ಲ, ಆಮೇಲೆ ತಿಳಿದಿತ್ತು. ತಿಳಿದೂ ಓಡಿಸಿದ. ತಪ್ಪು ತಪ್ಪೇ, ಅದಕ್ಕೆ ಕೋರ್ಟು ಯಾವ ಶಿಕ್ಷೆ ಕೊಟ್ಟರೂ ಅನುಭವಿಸಲಿ. ನನ್ನ ತಮ್ಮ ಹಾಲುಗಲ್ಲದ ಮಗು ಎಂದು ನಾನು ಅಳುತ್ತಾ ಕೂತಿಲ್ಲ. ಆದರೆ ಅವನನ್ನು ದೋಣಿಯಿಂದ ಇಳಿಸಿ ಆ ಗಾಡಿ ಹತ್ತಿಸಿದವರು ಯಾರು ಸ್ವಾಮಿ? ನೋಟಿಸಿನಲ್ಲಿ ಆ ವಿಷಯ ಹುಡುಕಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇಲ್ಲ.

ದೋಣಿ ನಡೆಸುವವನನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಬಲೆ ಎಲ್ಲಿ ಬಿಡಬೇಕು, ಯಾವಾಗ ಹಿಂತಿರುಗಬೇಕು, ಎಲ್ಲ ಅವನ ಮಾತು. ನಮ್ಮಪ್ಪ ತಾಂಡೇಲ, ಅಪ್ಪನ ನಂತರ ಉಪೇಂದ್ರ. ಅಪ್ಪನ ದೋಣಿಯಲ್ಲಿ ಒಂದು ಕಟ್ಟಳೆ ಇತ್ತು: ಹಿಡಿದ ಮೀನಿಗೆ ಐಸ್ ಹಾಕಿ ಮುಗಿಯುವ ತನಕ ಯಾರೂ ಅನ್ನಕ್ಕೆ ಕೈ ಹಾಕುವಂತಿಲ್ಲ. ಐಸೂ ಹಾಗೇ ಮೇಲೆ ಚೆಲ್ಲಿದರೆ ಆಗದು. ಕೆಳಗೊಂದು ಹಾಸು, ನಡುವೆ ಒಂದು, ಮೇಲೊಂದು. ಎಲ್ಲರೂ ಉಂಡ ಮೇಲೆ ತಾಂಡೇಲನ ಊಟ. ಉಪೇಂದ್ರ ಚಿಕ್ಕಂದಿನಲ್ಲಿ ಮನೆಯಲ್ಲೂ ಹೀಗೇ ಆಡುತ್ತಿದ್ದ, ಅಮ್ಮ ತಂದ ಮೀನು ಕೊಯ್ದು ತೊಳೆದಿಡುವ ತನಕ ತಟ್ಟೆ ಮುಂದೆ ಕೂರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು.

ಇಂಥವನ ದೋಣಿ ನಮ್ಮೂರ ಅಳಿವೆಯಲ್ಲಿ ಒಡೆಯಿತು. ಹೊಳೆ ಕಡಲು ಸೇರುವ ಆ ಬಾಯಿಯಲ್ಲಿ ಮರಳು ತುಂಬಿ ತುಂಬಿ ದಾರಿ ಸಣ್ಣದಾಗಿತ್ತು. ಹೂಳು ತೆಗೆಸಿ ಎಂದು ಊರಿನವರು ಕೇಳಿದ್ದೂ ಆಯಿತು, ನೀವು ಆಗಲಿ ಎಂದದ್ದೂ ಆಯಿತು, ಯಾರೋ ಬಂದು ಫೋಟೊ ತೆಗೆಸಿಕೊಂಡು ಹೋದದ್ದೂ ಆಯಿತು. ಮರಳು ಮಾತ್ರ ಇದ್ದಲ್ಲೇ ಇತ್ತು. ಹಿಂತಿರುಗುವಾಗ ದೋಣಿಯ ತಳ ಅದಕ್ಕೆ ತಾಗಿತು, ಹಿಂದಿನಿಂದ ಬಂದ ಅಲೆ ಅದನ್ನು ಮಗುಚಿತು. ಆಳುಗಳನ್ನೆಲ್ಲ ದಡ ಮುಟ್ಟಿಸಿ ಕಡೆಗೆ ಈಜಿ ಬಂದವನು ಇವನು. ಮಾರನೆಯ ದಿನ ಹಲಗೆಗಳು ಒಂದೊಂದಾಗಿ ತೇಲಿ ಬಂದವು.

ಪರಿಹಾರ ಕೇಳಲು ನಿಮ್ಮ ಕಚೇರಿಗೆ ಬಂದ, ಜೊತೆಗೆ ನಾನೂ ಇದ್ದೆ. ನಿಮ್ಮ ಗುಮಾಸ್ತರು ಬಹಳ ವಿನಯದಿಂದ ವಿವರಿಸಿದರು. ಸಮುದ್ರದಲ್ಲಿ ಒಡೆದ ದೋಣಿಗೆ ಒಂದು ಯೋಜನೆ ಇದೆಯಂತೆ, ಆದರೆ ಇದು ಸಮುದ್ರದಲ್ಲಿ ಒಡೆದದ್ದಲ್ಲ. ಹೊಳೆಯ ನೆರೆಗೆ ಇನ್ನೊಂದು ಇದೆಯಂತೆ, ಆದರೆ ಅಂದು ನೆರೆ ಬಂದಿರಲಿಲ್ಲ. "ಅಳಿವೆ ನಮ್ಗೆ ಬರಲ್ಲ ಮೇಡಂ, ಬಂದರಿನವರನ್ನ ಕೇಳಿ" ಎಂದರು. ಬಂದರಿನವರು ಮತ್ತೆ ನಿಮ್ಮ ಕಡೆಗೇ ಕೈ ತೋರಿಸಿದರು. ಕೊನೆಗೆ ಉಪೇಂದ್ರ ಒಂದೇ ಮಾತು ಕೇಳಿದ, ಅದೂ ಮೆಲ್ಲಗೆ: "ಹಂಗಾದ್ರೆ ನನ್ನ ದೋಣಿ ಎಲ್ಲಿ ಒಡೀಬೇಕಿತ್ತು ಸಾರ್?" ಗುಮಾಸ್ತರು ನಕ್ಕರು. ಅವರಿಗೆ ಅದು ತಮಾಷೆಯಾಗಿ ಕೇಳಿಸಿತು.

ನಿಮ್ಮ ಕಚೇರಿಯ ಎದುರಿಗೆ ಒಂದು ಟೀ ಅಂಗಡಿ ಇದೆ, ನೋಡಿರುತ್ತೀರಿ. ನಿಮ್ಮಲ್ಲಿಂದ ಬರಿಗೈಯಲ್ಲಿ ಹೊರಬಂದವರು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. ಮುರಳಿ ಎಂಬ ಮೀನಿನ ವ್ಯಾಪಾರಿ ಅಂಥವರಿಗಾಗಿಯೇ ಅಲ್ಲಿ ಕಾದಿರುತ್ತಿದ್ದ. ಹೆಬ್ಬಗೋಡಿ ಆಚೆ ಅವನದೊಂದು ಗೋಡೌನು. "ಏನ್ ಗುರು, ಮುಖ ಹಿಂಗೈತೆ? ಗಾಡಿ ಓಡ್ಸಕ್ಕೆ ಬರುತ್ತಾ? ಊರಿಂದ ಮೀನು ತರೋದು, ಅಷ್ಟೇ ಕಣೋ" ಅಂದ. ನಿಮ್ಮ ಕಚೇರಿ ಅಷ್ಟು ಸಲ ಅಲೆಸಿಯೂ ಒಂದು ದಾರಿ ತೋರಿಸಲಿಲ್ಲ, ಅವನು ಅರ್ಧ ಲೋಟ ಟೀ ಮುಗಿಯುವುದರೊಳಗೆ ಕೆಲಸ ಕೊಟ್ಟ. ನನಗೂ ಖುಷಿಯಾಯಿತು. ತಮ್ಮ ನಮ್ಮೂರಿಗೂ ಇಲ್ಲಿಗೂ ಓಡಾಡಿಕೊಂಡಿರುತ್ತಾನೆ, ಆಗಾಗ ಕಣ್ಣಿಗೆ ಬೀಳುತ್ತಾನೆ ಎಂದುಕೊಂಡೆ.

ಮೀನಿನ ಕೆಳಗೆ ಇನ್ನೇನೋ ಇದೆ ಎಂದು ಅವನಿಗೆ ತಿಳಿದದ್ದೇ ಐಸಿನಿಂದ. ಐಸ್ ಹಾಕಬೇಡ, ಹಾಕಿದರೆ ಕರಗಿದ ನೀರು ಕೆಳಗಿನ ರಟ್ಟಿನ ಪೆಟ್ಟಿಗೆಗಳನ್ನು ನೆನೆಸುತ್ತದೆ ಎಂದು ಮುರಳಿ ಹೇಳಿದನಂತೆ. ಮೀನಿನ ಗಾಡಿಗೆ ಐಸ್ ಬೇಡ! ತಾಂಡೇಲನಿಗೆ ಇದಕ್ಕಿಂತ ಬೇರೆ ಸುಳಿವು ಬೇಕೇ? ಬಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಆ ದಿನಗಳಲ್ಲಿ ನನ್ನ ಅಂಗಡಿಗೆ ಬಂದಾಗೆಲ್ಲ ತಂದ ಮೀನಿನ ಕಿವಿರು ಬಿಡಿಸಿ ನೋಡಿ ನಾಚಿಕೊಳ್ಳುತ್ತಿದ್ದ. "ಇದನ್ನ ಮಾರ್ಬೇಡ ಮಾರಾಯ್ತಿ, ಜನ ಬೈತ್ರು" ಅನ್ನುತ್ತಿದ್ದ. ಯಾಕೆ ಹೀಗೆ ಎಂದು ಕೇಳಿದರೆ ಬಿಸಿಲು ಅಂತಿದ್ದ.

ಏಪ್ರಿಲ್‌ನ ಒಂದು ಮಧ್ಯಾಹ್ನ ತುಮಕೂರು ರಸ್ತೆಯಲ್ಲಿ ಲಾರಿಯೊಂದು ಅಡ್ಡಬಿದ್ದು ಗಾಡಿಗಳು ಮಾದನಾಯಕನಹಳ್ಳಿಯ ಹತ್ತಿರ ಸಾಲುಗಟ್ಟಿ ನಿಂತವು. ಎಲ್ಲೂ ನಿಲ್ಲಬೇಡ, ಇಳಿಯಬೇಡ, ಬಾಗಿಲು ತೆಗೆಯಬೇಡ ಎಂದು ಮುರಳಿಯ ಕಟ್ಟಪ್ಪಣೆ. ಉಪೇಂದ್ರ ಇಳಿದ. ಬಾಗಿಲು ತೆಗೆದು ನೋಡಿದರೆ ಬಂಗುಡೆಯ ಕಣ್ಣು ಬಿಳುಚಿಕೊಳ್ಳುತ್ತಿತ್ತು. ರಸ್ತೆ ಪಕ್ಕದಲ್ಲೇ ಐಸ್ ಫ್ಯಾಕ್ಟರಿ ಕಾಣಿಸಿತು. ಸೀದಾ ಗಾಡಿಯನ್ನು ಅದರೊಳಗೆ ತಿರುಗಿಸಿದ. ಪೆದ್ದ, ಶುದ್ಧ ಪೆದ್ದ! ಕಳ್ಳ ಮಾಲಿಗೆ ಹೊದಿಕೆಯಾಗಿದ್ದ ಮೀನು ಕೊಳೆತರೆ ಇವನಪ್ಪನ ಗಂಟೇನು ಹೋಗುತ್ತಿತ್ತು?

ಆಮೇಲೆ ನಡೆದದ್ದನ್ನು ನನಗೆ ಹೇಳಿದವನು ಅಲ್ಲಿ ಐಸ್ ಒಡೆದು ತುಂಬುವ ಬಸು, ರಾಯಚೂರು ಕಡೆಯವನು. ಮೇಲೆ ನಾಲ್ಕು ಬುಟ್ಟಿ ಐಸ್ ಸುರಿಸಿಕೊಂಡು ಹೊರಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಇವನು ತಾಂಡೇಲನಲ್ಲವೇ, ಕೆಳಗೊಂದು ಹಾಸು ಬೇಕೇ ಬೇಕು. ಮೀನಿನ ಟ್ರೇಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟ. ಇಣುಕಿದ ಬಸು ಜೋರಾಗಿಯೇ ಕೇಳಿದ: "ಅಣ್ಣಾರ, ಇದೇನ್ರಿ, ಮೀನಿನ ಬುಡಕ ಬಾಟ್ಲಿ ಇಟ್ಟೀರಿ?" ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ ಪೊಲೀಸರು ಲೋಟ ಕೆಳಗಿಟ್ಟು ಬಂದರು.

ನಾನು ಅಲ್ಲಿಗೆ ಹೋದಾಗ ಬಸು ಕಣ್ಣಲ್ಲಿ ನೀರು ತುಂಬಿಕೊಂಡ. "ಅಕ್ಕಾರ, ನಾ ಬೇಕಂತ ಅಂದಿಲ್ರಿ. ಅಂವಗ ಓಡಾಕ ದಾರಿ ಇತ್ರಿ, ಹಿಂದಿನ ಗೇಟ್ ತೆರದೇ ಇತ್ತು. ಓಡ್ಲಿಲ್ಲ. ಇನ್ನೊಂದ ಟ್ರೇ ಉಳದೈತಿ, ಮುಗಿಸಿ ಬರ್ತೀನಿ ಅಂತ ಪೊಲೀಸ್ರಿಗೇ ಹೇಳಿದ್ನರಿ." ಮುಗಿಸಲು ಅವರು ಬಿಡಲಿಲ್ಲ. ಕಳ್ಳಸಾಗಣೆಯಲ್ಲಿ ನುರಿತ ಅಪರಾಧಿ ಎಂದು ನಿಮ್ಮ ನೋಟಿಸು ಕರೆದಿರುವುದು ಇವನನ್ನು. ನುರಿತವರು ಹೀಗಿರುತ್ತಾರೆಯೇ ಸಾಹೇಬರೇ? ನುರಿತವನು ಮುರಳಿ. ಅವನ ಗೋಡೌನಿನ ಮುಂದೆ ಈಗ ಹೊಸ ಗಾಡಿ ನಿಂತಿದೆ, ನಾನು ದಿನಾ ಆ ದಾರಿಯಲ್ಲೇ ಬಸ್ಸಿಗೆ ಹೋಗುತ್ತೇನೆ. ಅವನಿಗೆ ಯಾರೂ ಯಾವ ನೋಟಿಸನ್ನೂ ಕೊಟ್ಟ ಹಾಗಿಲ್ಲ. ಅವನ ಬಳಿ ರದ್ದುಪಡಿಸಲು ಗುರುತಿನ ಚೀಟಿಯೇ ಇಲ್ಲವಲ್ಲ!

ಜೈಲು ನನ್ನ ಅಂಗಡಿಯಿಂದ ದೂರವೇನಲ್ಲ. ಮೊದಲ ಸಲ ನೋಡಲು ಹೋದಾಗ ತಮ್ಮ ಬಡಕಲಾಗಿದ್ದ. ಸರಿಯಾಗಿ ಉಣ್ಣುತ್ತಿಲ್ಲ ಎಂದು ಅಲ್ಲಿಯವರೇ ಹೇಳಿದರು. ನಾನು ವಕೀಲರ ವಿಷಯ ತೆಗೆದೆ, ಅವನ ಕಿವಿಗೆ ಅದು ಬೀಳಲೇ ಇಲ್ಲ.

"ಅಕ್ಕಾ, ಆ ಬಂಗುಡೆ ಎಂತ ಆಯ್ತು? ಕಡೇ ಟ್ರೇಗೆ ಐಸ್ ಹಾಕಿದ್ರಾ?"

ಏನಾಯಿತೆಂದು ನಾನು ಕಣ್ಣಾರೆ ನೋಡಿದ್ದೆ. ಗಾಡಿಗೆ ಸೀಲು ಹಾಕಿ ಠಾಣೆಯ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ್ದರು. ಬಾಟಲಿಗಳನ್ನು ಎಣಿಸಿ ಒಳಗೆ ಜೋಪಾನ ಮಾಡಿದವರು ಮೀನನ್ನು ಹಾಗೇ ಬಿಟ್ಟಿದ್ದರು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು.

"ಹಾಕಿದ್ರು ಕಣೋ" ಅಂದೆ. "ಬಸುನೇ ಹಾಕ್ದ, ಕೆಳಗೂ ಮೇಲೂ. ಯಾವುದೋ ಹಾಸ್ಟೆಲ್‌ಗೆ ಕೊಟ್ರಂತೆ, ಮಕ್ಕಳು ತಿಂದ್ವಂತೆ."

"ಹಾಂ, ಹಂಗಾದ್ರೆ ಸರಿ" ಅಂದ. ಆಮೇಲೆ, "ಇನ್ನು ಉಣ್ತೆ ಬಿಡು" ಅಂದ. ನಾನು ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತು ಗೋಳೋ ಎಂದು ಅತ್ತೆ. ಅಂದಿನಿಂದ ಮೀನು ಕೊಯ್ಯುತ್ತಾ ಇನ್ನೇನೋ ಯೋಚಿಸುತ್ತೇನೆ, ಗಿರಾಕಿಗಳು ಕೂಗಿದರೂ ಕೇಳಿಸುವುದಿಲ್ಲ. ಈ ಪತ್ರವನ್ನೂ ಎಷ್ಟು ಸಲ ಎದ್ದು ಕೂತು ಬರೆದೆನೋ.

ಈಗ ನನ್ನ ಬೇಡಿಕೆ. ಬೇಡಿಕೆಯೇ, ಬಿನ್ನಹವಲ್ಲ. ಶಿಕ್ಷೆ ಕೋರ್ಟಿನ ಕೆಲಸ, ಅದನ್ನು ಕೋರ್ಟಿಗೆ ಬಿಡಿ. ಅವನ ಗುರುತಿನ ಚೀಟಿಯ ತಂಟೆಗೆ ಬರಬೇಡಿ. ಹೊರಬಂದ ದಿನ ಅವನು ಯಾರದಾದರೂ ದೋಣಿಯಲ್ಲಿ ಆಳಾಗಿಯಾದರೂ ಕಡಲಿಗೆ ಹೋಗಲಿ. ಅಷ್ಟರಲ್ಲಿ ಒಮ್ಮೆ ಆ ಅಳಿವೆಗೆ ಬನ್ನಿ, ಫೋಟೊದವರನ್ನು ಬಿಟ್ಟು, ದೋಣಿಯಲ್ಲಿ ಕೂತು ದಾಟಿ ನೋಡಿ. ತಳ ಮರಳಿಗೆ ತಾಗಿದಾಗ ಅದು ಯಾವ ಇಲಾಖೆಗೆ ಸೇರಿದ್ದೆಂದು ನಿಮಗೇ ಗೊತ್ತಾಗುತ್ತದೆ. ಆಮೇಲೆ ಹೂಳು ತೆಗೆಸಿ.

ಅವನು ಹೊರಬಂದ ಮೇಲೆ ಆ ಕಡೇ ಟ್ರೇಯ ನಿಜವನ್ನು ನಾನು ಹೇಳಲೇಬೇಕು. ಹೇಳುತ್ತೇನೆ, ಅವನು ನೊಂದುಕೊಳ್ಳುತ್ತಾನೆ, ಒಂದು ಹೊತ್ತು ಊಟ ಬಿಡುತ್ತಾನೆ. ಆದರೆ ಅದರ ಬೆನ್ನಿಗೇ, ತಮ್ಮಾ, ಇನ್ನು ನಿನಗೆ ಕಡಲೂ ಇಲ್ಲ ಕಣೋ ಎಂದು ಹೇಳಲು ನನ್ನಿಂದಾಗದು. ಅದನ್ನು ಮುಚ್ಚಿಡಲು ನನ್ನ ಹತ್ತಿರ ಸುಳ್ಳೂ ಇಲ್ಲ.

ಇಂತಿ,
ಕೊಳೆತ ಮೀನಿಗೆ ಐಸ್ ಹಾಕಿದ್ದಾರೆಂದು ಹೇಳಿ ತಮ್ಮನಿಗೆ ಊಟ ಮಾಡಿಸಿದ ಅಕ್ಕ
ವೇಣಿ
ಮೀನಂಗಡಿ, ಹೆಬ್ಬಗೋಡಿ