ಹೊತ್ತು ಮುಳುಗಿದ ಮೇಲಿನ ಗುಳಿಗೆ

ಐನಾಪುರ
೧೨ ನವೆಂಬರ್ ೨೦೨೪

ಭೋಜದಲ್ಲಿರುವ ನನ್ನ ಅವ್ವನಿಗೆ ಸ್ನೇಹಲಳ ಜಯ ಜಿನೇಂದ್ರ.

ಫೋನಿನಲ್ಲಿ ಆರಾಮ ಇದ್ದೇನೆ ಎಂದೆನಲ್ಲ, ಅದು ಸುಳ್ಳು. ಪಕ್ಕದಲ್ಲೇ ಅತ್ತೆ ಕೂತಿದ್ದರು. ಅದಕ್ಕೇ ಈ ಕಾಗದ.

ಅತ್ತೆ ತಮ್ಮ ಕಿಡ್ನಿ ಕೊಟ್ಟು ನನ್ನನ್ನು ಉಳಿಸಿಕೊಂಡರು. ಊರೆಲ್ಲ ಅವರನ್ನು ಕೊಂಡಾಡುತ್ತದೆ, ನಾನೂ ಕೊಂಡಾಡುತ್ತೇನೆ. ಆದರೆ ಅದು ಬೇರೆಯವರದೆಂದು ನನ್ನ ಮೈಗೆ ಗೊತ್ತು. ಬಿಟ್ಟರೆ ಮೈ ಅದನ್ನು ಕೆಡಿಸಿಯೇ ಹಾಕುತ್ತದೆ. ಹಾಗಾಗದಂತೆ ತಡೆಯುವ ಗುಳಿಗೆಯನ್ನು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ನುಂಗಬೇಕು. ಆದರೆ ವ್ರತ ಹಿಡಿದ ಈ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಮೊದಮೊದಲು ಸುಮ್ಮನಿದ್ದ ಅತ್ತೆ, ದಶಲಕ್ಷಣ ಪರ್ವದ ಹತ್ತು ದಿನದ ವ್ರತ ಬಂದಾಗ ಗುಳಿಗೆಯ ಡಬ್ಬಿಯನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಗುಳಿಗಿ ಬಿಡಂತ ಅಂದಿಲ್ಲವಾ. ಊಟದ ಕೂಡನ ನುಂಗು, ವ್ರತಾನೂ ಉಳೀತೈತಿ" ಎಂದರು. ಅಂದಿನಿಂದ ಬಿಸಿಲು ಇಳಿಯುತ್ತಿದ್ದಂತೆ ಎದುರಿಗೆ ನಿಂತು ನುಂಗಿಸುತ್ತಾರೆ, ನಾಲಗೆ ಎತ್ತಿಸಿ ನೋಡುತ್ತಾರೆ. ಬೆಳಿಗ್ಗೆ ಒಂಬತ್ತಾಗುವಷ್ಟರಲ್ಲಿ ಹದಿನೈದು ತಾಸು ಕಳೆದು ಗುಳಿಗೆಯ ಬಲ ಇಳಿದುಹೋಗಿರುತ್ತದೆ.

ರಕ್ತದ ರಿಪೋರ್ಟು ಎರಡು ಸಲ ಕೆಟ್ಟು ಬಂತು. ಗುಳಿಗೆ ತಪ್ಪಿಸುತ್ತೀರಾ ಎಂದು ಕೊಲ್ಲಾಪುರದ ಡಾಕ್ಟರು ಕೇಳಿದರು, ಇಲ್ಲ ಎಂದೆ. ನನಗಾಗಿ ಹೊಟ್ಟೆ ಕೊಯ್ಸಿಕೊಂಡವರ ಮುಂದೆ ಹೇಗೆ ಬಾಯಿ ಬಿಡಲಿ? ನಮ್ಮ ಮನೆಯವರಿಗೆ ಹೇಳಿದರೆ, "ಅವ್ವನ ಕಿಡ್ನಿ ಅದು. ಅವ್ವಗ ಕಾಳಜಿ ಇರೂದಿಲ್ಲೇನ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ನನಗೆ ಸಿಟ್ಟು ಬರುತ್ತದೆ ಅವ್ವ, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ. ಈ ಮನೆಯಲ್ಲಿ ನನಗೆ ಸಿಟ್ಟಾಗುವ ಹಕ್ಕೇ ಇಲ್ಲ.

ತಮ್ಮ ಸಂದೇಶನನ್ನು ರವಿವಾರ ಕಳಿಸು. ನಿನಗೆ ಮೈಯಲ್ಲಿ ಹುಷಾರಿಲ್ಲ ಎಂದು ಹೇಳಲಿ. ನಾನು ಬಟ್ಟೆ ಕಟ್ಟಿಟ್ಟಿರುತ್ತೇನೆ. ಅಲ್ಲಿ ಸರಿಯಾದ ಹೊತ್ತಿಗೆ ನುಂಗಿ ಬದುಕಿಕೊಳ್ಳುತ್ತೇನೆ. ತಿರುಗಿ ಬರುವ ಮಾತು ಆಮೇಲೆ.

ನಿನ್ನ ಮಗಳು,
ಸ್ನೇಹಲ

ತಾ.ಕ.: ಸಂದೇಶನನ್ನು ಕಳಿಸಬೇಡ. ಸಂಜೆ ಊಟಕ್ಕೆ ಕೂರುವಾಗ ಡಾಕ್ಟರ ಫೋನು ಬಂತು, ಅತ್ತೆ ಎತ್ತಿಕೊಂಡರು. ಗುಳಿಗೆ ಯಾವಾಗ ಕೊಡುತ್ತೀರಿ ಎಂದು ಕೇಳಿದರಂತೆ. "ಹೊತ್ತ ಮುಳಗೂ ಮೊದಲ ನಾನ ಕೊಡತೇನ್ರಿ, ಒಂದ ದಿನಾನೂ ತಪ್ಪಿಲ್ರಿ" ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು. ಆಮೇಲೆ ಬರೀ ಕೇಳುತ್ತ ನಿಂತರು. ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಳಗೆ ಹೋದರು. ಒಂಬತ್ತಕ್ಕೆ ನೀರಿನ ತಂಬಿಗೆ ಹಿಡಿದು ಬಂದರು. ಹುಡುಗಿಯಾಗಿದ್ದಾಗಿನಿಂದ ರಾತ್ರಿ ನೀರು ಮುಟ್ಟದವರು, ಮೊದಲು ತಾವೇ ಎರಡು ಗುಟುಕು ಕುಡಿದರು. "ಪಾಪ ಬಂದ್ರ ಇಬ್ಬರಿಗೂ ಬರಲಿ" ಎಂದು ತಂಬಿಗೆಯನ್ನು ನನ್ನ ಕೈಗಿಟ್ಟರು. ಇನ್ನು ನಾನು ಈ ಮನೆ ಬಿಟ್ಟು ಹೇಗೆ ಬರಲಿ, ಅವ್ವ?