ಅತ್ತೆಗೆ ಒಂದು ಸಾಲು

ದೆಹಲಿಯ ಆರೋಗ್ಯ ಸಚಿವಾಲಯದವರಿಗೆ ಹಾರೋಹಳ್ಳಿಯಿಂದ ನಯನ ಮಾಡುವ ನಮಸ್ಕಾರಗಳು.

ನೀವು ಕಳಿಸಿದ ಟಿ.ಬಿ. ಮಾತ್ರೆಗಳನ್ನು ತಪ್ಪದೆ ನುಂಗಿದೆ. ವಾಸಿಯಾಗಿದೆ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಫ್ಯಾಕ್ಟರಿಯವರೂ ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು.

ಆದರೆ ನನ್ನ ಮಗಳು ಮಾನ್ಯ ಇನ್ನೂ ದೊಡ್ಡಆಲಹಳ್ಳಿಯಲ್ಲಿ ಅತ್ತೆಯ ಹತ್ತಿರವೇ ಇದ್ದಾಳೆ. ಕರೆತರಲು ಹೋದರೆ ಅತ್ತೆ ಬಾಗಿಲಲ್ಲೇ ನಿಂತು, "ಒಸಿ ದಿನ ತಡಿಯವ್ವ, ಮಗೀಗ್ ಅಂಟ್ಕಂಬುಟ್ರೆ ಏನ್ ಮಾಡಾನ?" ಅನ್ನುತ್ತಾರೆ. ಅವರು ಕೆಟ್ಟವರಲ್ಲ, ಮಗನನ್ನು, ಅಂದರೆ ನನ್ನ ಗಂಡನನ್ನು, ಇದೇ ಕಾಯಿಲೆಗೆ ಕಳೆದುಕೊಂಡವರು. ಪೋಲಿಯೊ ಹನಿ ಹಾಕಿಸಿ ಎಂದು ನೀವು ಹೇಳಿದಾಗ ಊರಿನಲ್ಲಿ ಎಲ್ಲರಿಗಿಂತ ಮೊದಲು ಮಗು ಎತ್ತಿಕೊಂಡು ಹೋದವರು. ನಿಮ್ಮ ಮಾತನ್ನು ನಂಬುತ್ತಾರೆ.

ನನ್ನಿಂದ ಭಯವಿಲ್ಲ ಎಂದು ಅವರಿಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ದಯವಿಟ್ಟು ಬೇಗ ಬರೆಯಿರಿ. ನಿನ್ನೆ ಫೋನಿನಲ್ಲಿ ಮಾನ್ಯ, "ನೀವ್ಯಾರು?" ಅಂದಳು.

ಇಂತಿ,
ಮಾನ್ಯಳ ತಾಯಿ ನಯನ